ಡೆಲ್ಫೀನ್ ಹೇಳದ ಮಾತು

ನನ್ನ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ನನಗೆ ಕೇಳುತ್ತದೆ. ಹಾಗಾಗಿ ಬಾಯಿಮಾತು ಬರುವ ಮೊದಲೇ ನನಗೆ ಕೈಮಾತು ಬಂತು, ಮುಂದೆ ಅದೇ ಹೊಟ್ಟೆಪಾಡೂ ಆಯಿತು. ಅಮೆರಿಕದ ಎರೀ ಸರೋವರದ ದಡದಲ್ಲಿರುವ ಹಾರ್ಲೋ ಕಾಲೇಜಿನಲ್ಲಿ ನಾನು ದುಭಾಷಿ, ಹೆಸರು ನಡೀನ್. ಕಿವುಡ ಹುಡುಗ ಹುಡುಗಿಯರ ಜೊತೆ ತರಗತಿಗೆ ಹೋಗುತ್ತೇನೆ, ಮೇಷ್ಟ್ರು ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಹೇಳುತ್ತೇನೆ, ಅವರು ಕೈಯಲ್ಲಿ ಕೇಳಿದ್ದನ್ನು ಬಾಯಲ್ಲಿ ಕೇಳುತ್ತೇನೆ. ಇಲ್ಲಿ ಯಾರಾದರೂ ‘ಅಂದರು’ ಎಂದು ನಾನು ಬರೆದರೆ ಹೆಚ್ಚಿನ ಸಲ ಅದು ಕೈಯಲ್ಲಿ ಅಂದದ್ದು. ಕೈಯಲ್ಲಿ ಅಂದ ಮಾತು ಮೆತ್ತಗಿರುತ್ತದೆ ಅಂದುಕೊಳ್ಳಬೇಡಿ. ನಮ್ಮ ಕ್ಯಾಂಟೀನಿಗೆ ಒಮ್ಮೆ ಬಂದು ಕೂತರೆ ಗೊತ್ತಾಗುತ್ತದೆ, ಯಾರು ಯಾರನ್ನು ಹೇಗೆ ಝಾಡಿಸುತ್ತಾರೆ ಅಂತ.

ದುಭಾಷಿ ತಾನು ಕೇಳಿದ್ದನ್ನು ಹೊರಗೆ ಹೇಳಬಾರದು. ಆದರೆ ಡೆಲ್ಫೀನ್ ಕ್ರುಪಾ ತಾನೇ ಬಂದು, “ಎಲ್ಲರಿಗೂ ಹೇಳಿ ನಡೀನ್, ಒಂದಕ್ಷರ ಬಿಡದೆ ಹೇಳಿ” ಅಂದಿದ್ದಾಳೆ. ಆದ್ದರಿಂದ ಹೇಳುತ್ತಿದ್ದೇನೆ.

ಡೆಲ್ಫೀನ್ ನಮ್ಮಲ್ಲಿ ಲ್ಯಾಬ್ ಟೆಕ್ನೀಷಿಯನ್ ಓದಿನ ಕೊನೆಯ ವರ್ಷದಲ್ಲಿದ್ದಳು. ರಕ್ತದ ಸ್ಯಾಂಪಲ್ ನೋಡಿ ಏನೇನಿದೆ ಅಂತ ಹೇಳುವ ಕೆಲಸ. ಎತ್ತರದ ಹುಡುಗಿ, ಉದ್ದನೆಯ ಬೆರಳು, ಯಾರ ನಡಿಗೆಯನ್ನಾದರೂ ಒಂದು ಸಲ ನೋಡಿದರೆ ಸಾಕು, ಎದ್ದು ನಿಂತು ಹಾಗೇ ನಡೆದು ತೋರಿಸುವಳು. ಶರತ್ಕಾಲದಲ್ಲಿ ಅವಳಿಗೆ ಹೆದ್ದಾರಿ ಪಕ್ಕದ ಬ್ರೆಕ್ಸ್‌ಟನ್ ಲ್ಯಾಬಿನಿಂದ ಇಂಟರ್‌ವ್ಯೂಗೆ ಕರೆ ಬಂತು. ದುಭಾಷಿ ಬೇಕು ಅಂತ ಅವಳು ಮೊದಲೇ ಬರೆದು ಕೇಳಿದ್ದಳು. ಕೊಡುವುದು ಕಾನೂನು. ಖಂಡಿತ, ಅಂತ ಅವರೂ ಉತ್ತರ ಬರೆದಿದ್ದರು.

ಹೋಗಿ ನೋಡಿದರೆ ದುಭಾಷಿಯಿಲ್ಲ. ಮ್ಯಾನೇಜರು ರಿಸೆಪ್ಷನ್ನಿನಲ್ಲಿ ಕೂರುವ ಹುಡುಗಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡನಂತೆ. ಆ ಹುಡುಗಿ ಚಿಕ್ಕವಳಿದ್ದಾಗ ಸ್ಕೌಟಿನಲ್ಲಿ ಬೆರಳಿನಲ್ಲಿ ಅಕ್ಷರ ಮಾಡುವುದನ್ನು ಕಲಿತಿದ್ದಳು. ಎ, ಬಿ, ಸಿ. ಅಷ್ಟೇ. ಮ್ಯಾನೇಜರು ಒಂದು ಪುಟದಷ್ಟು ಮಾತಾಡುವುದು, ಆ ಹುಡುಗಿ ಯೋಚನೆ ಮಾಡಿ ಮಾಡಿ ಒಂದು ಪದ ಜೋಡಿಸುವುದು.

ಅವತ್ತು ಸಂಜೆ ಡೆಲ್ಫೀನ್ ಕ್ಯಾಂಟೀನಿನಲ್ಲಿ ಇದನ್ನೆಲ್ಲ ಆಡಿ ತೋರಿಸಿದಳು. ಮ್ಯಾನೇಜರು ಕುರ್ಚಿಗೆ ಒರಗುವುದು, ಬಾಯಿಗೆ ಅಡ್ಡ ಕೈಯಿಟ್ಟುಕೊಂಡು ಮಾತಾಡುವುದು, ಆ ಹುಡುಗಿ ನಾಲಗೆ ಕಚ್ಚಿಕೊಂಡು ಮುಂದಿನ ಅಕ್ಷರ ಹುಡುಕುವುದು. ಜನ ನಕ್ಕು ನಕ್ಕು ಟ್ರೇ ಬೀಳಿಸಿದರು.

“ಕೊನೇಲಿ ಏನು ಕೇಳಿದ ಗೊತ್ತಾ? ಮೆಷಿನ್ ಅಲಾರಂ ಹೊಡ್ಕೊಂಡ್ರೆ ನಿನಗೆ ಹೇಗೆ ಗೊತ್ತಾಗುತ್ತೆ ಅಂತ. ಮೆಷಿನ್ ಮೇಲೆ ಕೆಂಪು ದೀಪ ಇದೆ ಸಾರ್, ಅಂತ ಬರೆದು ಕೊಟ್ಟೆ. ಅವನ ಸ್ವಂತ ಮೆಷಿನ್ನು! ಅದರ ಮೇಲೆ ದೀಪ ಇದೆ ಅಂತ ಅವನಿಗೇ ಗೊತ್ತಿಲ್ಲ. ಆಮೇಲೆ ಆ ಕಡೆ ತಿರುಗಿ ‘ಪಾಪ, ಒಳ್ಳೆ ಹುಡುಗಿ’ ಅಂದ. ತುಟಿ ಓದಿದೆ. ಎದ್ದು ಬಂದೆ.”

ನಗು ಅಲ್ಲಿಗೆ ನಿಂತಿತು. ಒಬ್ಬೊಬ್ಬರಾಗಿ ತಮ್ಮ ತಮ್ಮದು ಹೇಳತೊಡಗಿದರು. ಎಲ್ಲರ ಹತ್ತಿರವೂ ಇಂಥದ್ದೊಂದಿತ್ತು.

“ಇದನ್ನೆಲ್ಲ ಇಲ್ಲೇ ಹೇಳ್ಕೊಂಡು ಇಲ್ಲೇ ತೊಳ್ಕೊಂಡು ಹೋಗ್ತೀವಲ್ಲ, ಮುಂದಿನ ವರ್ಷ ಇನ್ನೊಬ್ಬ ಹೋಗಿ ಅದೇ ಕುರ್ಚೀಲಿ ಕೂರ್ತಾನೆ” ಅಂದಳು ಡೆಲ್ಫೀನ್. “ಕಿವಿ ಕೇಳೋರಿಗೆ ಇಂಟರ್ನೆಟ್ ತುಂಬ ಇದೆ. ಯಾವ ಕಂಪನೀಲಿ ಏನು ಕೇಳಿದ್ರು, ಏನು ಹೇಳ್ಬೇಕು. ನಾವು ಓದಿದ್ರೆ ಏನಿದೆ ಅದರಲ್ಲಿ? ‘ಮೊದಲು ಫೋನಲ್ಲಿ ಮಾತಾಡಿಸ್ತಾರೆ, ದನಿ ಗಟ್ಟಿಯಾಗಿರಲಿ.’”

“ನಾನು ದನಿ ಗಟ್ಟಿ ಮಾಡಿದ್ರೆ ಬೀದೀಲಿರೋ ನಾಯಿಗಳೆಲ್ಲ ಊರು ಬಿಡ್ತವೆ” ಅಂದ ಆಮೋಸ್ ಟಿಬ್ಸ್. ಅವನು ಅದೇ ಓದಿನಲ್ಲಿ ಅವಳಿಗಿಂತ ಒಂದು ತರಗತಿ ಹಿಂದಿದ್ದವನು. ಅವಳನ್ನು ಕಂಡರೆ ಅಕ್ಕನನ್ನು ಕಂಡ ಹಾಗೆ.

ಆ ಮಾತಿನಿಂದಲೇ ಇಂಟರ್ನೆಟ್ಟಿನಲ್ಲಿ ನಮ್ಮದೊಂದು ಪುಟ ಹುಟ್ಟಿತು. ‘ಒಳಗೆ ಏನಾಯ್ತು’ ಅಂತ ಹೆಸರಿಟ್ಟರು. ಇಂಟರ್‌ವ್ಯೂಗೆ ಹೋಗಿ ಬಂದವರು ಕ್ಯಾಮೆರಾ ಮುಂದೆ ಕೈಯಲ್ಲಿ ಹೇಳುವುದು, ನಾನು ಅದನ್ನು ಮಾತಿಗಿಳಿಸಿ ಕೆಳಗೆ ಬರೆದು ಕೊಡುವುದು. ನಮ್ಮ ಮಕ್ಕಳಿಗೆ ಬರವಣಿಗೆ ಎರಡನೇ ಭಾಷೆ, ಕೈಯೇ ತಾಯಿ. ಬರೆಯಿರಿ ಅಂದರೆ ಮೂರು ಸಾಲು ಬರೆದು ಬೆವರುವವರು ಕ್ಯಾಮೆರಾ ಮುಂದೆ ಮಾತು ನಿಲ್ಲಿಸುತ್ತಿರಲಿಲ್ಲ. ಯಾವ ಕಂಪನಿ ದುಭಾಷಿ ಕೊಡುತ್ತದೆ, ಯಾವ ಸಾಹೇಬರಿಗೆ ಮೀಸೆ ದಪ್ಪವಾಗಿ ತುಟಿಯೇ ಕಾಣುವುದಿಲ್ಲ, ಎಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತು ಮುಖ ಕತ್ತಲಾಗುತ್ತದೆ, ಎಲ್ಲವೂ ಬಂತು. ಬರೀ ದೂರಲ್ಲ. ಊರಿನ ಒಂದು ಬೇಕರಿಯ ಮುದುಕ, ನಮ್ಮ ಹುಡುಗಿಯೊಬ್ಬಳ ಮುಂದೆ ಕಂಪ್ಯೂಟರ್ ಇಟ್ಟುಕೊಂಡು ಇಡೀ ಇಂಟರ್‌ವ್ಯೂ ಟೈಪು ಮಾಡಿ, ಕೊನೆಗೆ ಬೆರಳು ನೋಯುತ್ತಿದೆ, ನಾಳೆಯಿಂದ ಕೆಲಸಕ್ಕೆ ಬಾ ಅಂತ ಟೈಪು ಹೊಡೆದನಂತೆ. ಅದೂ ಬಂತು.

ಚಳಿಗಾಲದ ರಜೆ ಮುಗಿಯುವ ಹೊತ್ತಿಗೆ ಗ್ರೆಚನ್ ಹಾಲ್ಕಮ್ ಬಂದರು. ಕಾಲೇಜಿನ ಉದ್ಯೋಗ ವಿಭಾಗದ ಮುಖ್ಯಸ್ಥೆ. ಮೃದುವಾಗಿ ಮಾತಾಡುವ ಹೆಂಗಸು, ಯಾರ ಮೇಲೂ ದನಿಯೇರಿಸಿದ್ದನ್ನು ಯಾರೂ ಕೇಳಿಲ್ಲ.

“ಎಷ್ಟು ಚೆಂದ ಮಾಡಿದ್ದೀರಿ! ಇದು ನಿಮ್ಮ ಮೂಲೆಯ ಪುಟದಲ್ಲಿ ಯಾಕಿರಬೇಕು? ಕಾಲೇಜಿನ ದೊಡ್ಡ ತಾಣಕ್ಕೆ ಹಾಕೋಣ. ಬೇರೆ ರಾಜ್ಯದ ಕಿವುಡ ಮಕ್ಕಳೂ ನೋಡಬಹುದು. ಹಾಕುವ ಮೊದಲು ನಮ್ಮವರು ಒಮ್ಮೆ ನೋಡ್ತಾರೆ, ಅಷ್ಟೇ.”

“ನೋಡೋದು ಅಂದ್ರೆ?” ಅಂದಳು ಡೆಲ್ಫೀನ್.

“ಬೈಗುಳ ಗಿಗುಳ ಇದ್ರೆ ತೆಗೆಯೋದು. ಬೇರೇನಿಲ್ಲ.”

ಬೇರೆ ರಾಜ್ಯದ ಮಕ್ಕಳು ಅಂದದ್ದು ಡೆಲ್ಫೀನಳ ಮನಸ್ಸಿಗೆ ಹಿಡಿಸಿತು. ಒಪ್ಪಿದಳು. ವಿಡಿಯೋಗಳನ್ನೂ ನಾನು ಬರೆದ ಸಾಲುಗಳನ್ನೂ ಕೊಟ್ಟು, ಹಳೆಯ ಪುಟ ಮುಚ್ಚಿ, ಟೊಲೀಡೋ ಊರಿನ ಆಸ್ಪತ್ರೆಗೆ ತರಬೇತಿಗೆ ಹೊರಟುಹೋದಳು. ಬೆಳಗಿನಿಂದ ಸಂಜೆವರೆಗೆ ಸೂಕ್ಷ್ಮದರ್ಶಕದ ಮುಂದೆ ಕೂತವಳಿಗೆ ಪುಟ ತೆರೆದು ನೋಡಲು ಪುರಸೊತ್ತಾಗಲಿಲ್ಲ. ತಾನು ಹೇಳಿದ ಮಾತನ್ನು ತಾನೇ ಮತ್ತೆ ಯಾರು ಓದುತ್ತಾರೆ?

ಆಮೋಸ್ ಓದಿದ.

ಅವನು ಅಜ್ಜಿಯ ಕೈಯಲ್ಲಿ ಬೆಳೆದ ಹುಡುಗ. ಅಜ್ಜಿ ಲುವೀನಿಯಾಗೆ ಕಿವಿ ಕೇಳುತ್ತದೆ. ಮೊಮ್ಮಗನಿಗೋಸ್ಕರ ಐವತ್ತರ ಮೇಲೆ ಕೈಭಾಷೆ ಕಲಿತವಳು. ಹೋಟೆಲಿನ ಕೋಣೆಗಳನ್ನು ಗುಡಿಸಿ ಒರೆಸಿ ಅವನನ್ನು ಓದಿಸಿದವಳು. ಮಾರ್ಚಿನಲ್ಲಿ ಆಮೋಸ್‌ಗೆ ಬ್ರೆಕ್ಸ್‌ಟನ್‌ನಿಂದ ಕರೆ ಬಂತು, ಟೆಕ್ನೀಷಿಯನ್ ಸಹಾಯಕನ ಕೆಲಸ, ಓದುತ್ತಲೇ ಮಾಡಬಹುದಾದದ್ದು. ಅವನು ಕಾಲೇಜಿನ ತಾಣ ತೆರೆದ. ಡೆಲ್ಫೀನಳ ಫೋಟೋ, ಡೆಲ್ಫೀನಳ ಹೆಸರು. ವಿಡಿಯೋ ಇಲ್ಲ. ಅದರ ಬದಲು ಈ ಸಾಲುಗಳು:

‘ಬ್ರೆಕ್ಸ್‌ಟನ್ ಲ್ಯಾಬಿನಲ್ಲಿ ನನಗೆ ಆತ್ಮೀಯ ಸ್ವಾಗತ ಸಿಕ್ಕಿತು. ಅಲ್ಲಿನ ಸಿಬ್ಬಂದಿಯೊಬ್ಬರು ಸಂಜ್ಞಾ ಭಾಷೆಯಲ್ಲಿ ನನ್ನೊಂದಿಗೆ ಸಂವಹನ ನಡೆಸಿದ್ದು ಸಂತೋಷ ತಂದಿತು. ಸುರಕ್ಷತೆಯ ಬಗ್ಗೆ ಉತ್ತಮ ಚರ್ಚೆ ನಡೆಯಿತು. ಹೊಂದಿಕೊಳ್ಳುವ ಗುಣ ಎಷ್ಟು ಮುಖ್ಯವೆಂದು ಈ ಅನುಭವದಿಂದ ಕಲಿತೆ.’

ಕ್ಯಾಂಟೀನಿನಲ್ಲಿ ಕಣ್ಣಾರೆ ನೋಡಿದ್ದನಲ್ಲ, ಹೇಗೆ ನಂಬಿದ ಅಂತ ನೀವು ಕೇಳಬಹುದು. ನಾನೂ ಕೇಳಿದೆ. “ಅವಳು ಆಮೇಲೆ ಇನ್ನೊಂದ್ಸಲ ಹೋಗಿರಬೇಕು, ಅವರು ಸುಧಾರಿಸಿರಬೇಕು ಅಂದ್ಕೊಂಡೆ. ಅವಳ ಹೆಸರಿತ್ತಲ್ಲ” ಅಂದ. ಹೆಸರಿದ್ದರೆ ಸಾಕು ಅಂದುಕೊಳ್ಳುವಷ್ಟು ಅವಳ ಮೇಲೆ ನಂಬಿಕೆ.

ಕೈಭಾಷೆ ಬರುವವರು ಅಲ್ಲೇ ಇದ್ದಾರೆ ಅಂದಮೇಲೆ ದುಭಾಷಿ ಬೇಕು ಅಂತ ಅವನು ಕೇಳಲೇ ಇಲ್ಲ. ಹೋದ. ಅದೇ ಮ್ಯಾನೇಜರು, ಅದೇ ಹುಡುಗಿ, ಅದೇ ಎ ಬಿ ಸಿ. ಮ್ಯಾನೇಜರು ತುಂಬ ಹೊತ್ತು ಮಾತಾಡಿದ. ಆಮೋಸ್‌ಗೆ ಅಲ್ಲೊಂದು ಇಲ್ಲೊಂದು ಪದ ಸಿಕ್ಕಿತು. ಮಿಕ್ಕದ್ದಕ್ಕೆ ತಲೆಯಾಡಿಸಿದ. ಕೊನೆಗೆ ಹುಡುಗಿ ‘ಕೆಲಸ’ ಅಂತ ಅಕ್ಷರ ಅಕ್ಷರವಾಗಿ ಜೋಡಿಸಿ, ಹೆಬ್ಬೆರಳು ಎತ್ತಿ, ಹುಬ್ಬೇರಿಸಿದಳು. ಆಮೋಸ್ ಜೋರಾಗಿ ತಲೆಯಾಡಿಸಿದ. ಸೋಮವಾರ ಬಾ, ಕಾಗದಪತ್ರ ಅವತ್ತೇ, ಅಂತ ಬರೆದು ಕೊಟ್ಟರು.

ಅಜ್ಜಿ ಕೇಕ್ ಮಾಡಿದಳು. ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಅವನನ್ನು ಎದ್ದು ನಿಲ್ಲಿಸಿ, ನಮ್ಮ ಹುಡುಗ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಾನೆ ಅಂದರು. ಜನ ಚಪ್ಪಾಳೆ ತಟ್ಟದೆ ಕಿವುಡರ ಹಾಗೆ ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸಿದರಂತೆ, ಅವನಿಗೆ ಕಾಣಲಿ ಅಂತ.

ಸೋಮವಾರ ಅವನನ್ನು ಲ್ಯಾಬಿನ ಬಾಗಿಲು ದಾಟಿಸಿ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ನೀಲಿ ಮೇಲಂಗಿ ಕೊಟ್ಟರು. ಬಕೆಟ್ಟು, ನೆಲ ಒರೆಸುವ ಕೋಲು, ಕಸದ ಡಬ್ಬಿಗಳ ಸಾಲು. ಮೊದಲು ಎಲ್ಲ ಕಡೆ ತೋರಿಸುತ್ತಿದ್ದಾರೆ ಅಂದುಕೊಂಡು ಆಮೋಸ್ ನಗುತ್ತ ನಿಂತಿದ್ದ. ಕೋಲನ್ನು ಕೈಗೆ ಕೊಟ್ಟಾಗ ಅವನು ಲ್ಯಾಬಿನ ಕಡೆ ಬೆರಳು ತೋರಿಸಿದ. ಮೇಸ್ತ್ರಿ ಕಾಗದ ತೋರಿಸಿದ. ‘ಸ್ವಚ್ಛತಾ ಸಹಾಯಕ’ ಅಂತಿತ್ತು. ಟೆಕ್ನೀಷಿಯನ್ ಕೆಲಸ ನಿನ್ನಿಂದ ಕಷ್ಟ, ಇದು ಆದೀತಾ, ಅಂತ ಅವತ್ತು ಕೇಳಿದ್ದರಂತೆ. ಇವನು ಆಗಲಿ ಅಂದಿದ್ದನಂತೆ.

ನೆಲ ಒರೆಸುವುದಕ್ಕೆ ಅವನಿಗೆ ನಾಚಿಕೆಯಿಲ್ಲ, ಆ ಕೂಳು ತಿಂದೇ ಬೆಳೆದವನು. ಆದರೆ ಅವನು ಅದಕ್ಕೆ ಅರ್ಜಿ ಹಾಕಿರಲಿಲ್ಲ. ಅಜ್ಜಿ ಒರೆಸಿದ್ದು ಅವನೂ ಒರೆಸಲಿ ಅಂತಲ್ಲ. ಮೇಲಂಗಿ ಬಿಚ್ಚಿ ಬಕೆಟ್ಟಿನ ಮೇಲೆ ಹಾಕಿ ಬಂದ.

ಆ ಶುಕ್ರವಾರ ಡೆಲ್ಫೀನ್ ಟೊಲೀಡೋದಿಂದ ಬಂದಿದ್ದಳು. ಕ್ಯಾಂಟೀನಿನಲ್ಲಿ ನಾವಿಬ್ಬರೂ ಸೂಪು ಕುಡಿಯುತ್ತಿದ್ದೆವು. ಆಮೋಸ್ ಬಂದವನೇ ಮೇಜು ಗುದ್ದಿದ, ಅವಳು ತಲೆಯೆತ್ತಲಿ ಅಂತ. ಸೂಪು ಚೆಲ್ಲಿತು.

“ಸುಳ್ಳಿ!”

“ಏನಾಯ್ತೋ ನಿನಗೆ?”

“ಏನಾಯ್ತಾ? ನೀನೇ ತಾನೆ ನನ್ನನ್ನ ಕಳಿಸಿದ್ದು? ಆತ್ಮೀಯ ಸ್ವಾಗತ! ಎಷ್ಟು ಕೊಟ್ರೇ ನಿನಗೆ, ಅದನ್ನ ಬರೆಯೋಕೆ? ನಮ್ಮಜ್ಜಿ ಊರಿಗೆಲ್ಲ ಕೇಕ್ ಹಂಚಿದ್ಳು. ಈಗ ಚರ್ಚಿನವರ ಮುಖ ನೋಡೋಕೆ ಆಗದೆ ಮನೇಲಿ ಕೂತಿದ್ದಾಳೆ!”

ಅವನ ಕೈಗಳು ಒಂದಕ್ಕೊಂದು ತಾಕುವಷ್ಟು ಅವಸರದಲ್ಲಿದ್ದವು. ಅವಸರದ ಕೈಯ ಮಾತು ತೊದಲಿದ ಹಾಗೆ ಕಾಣುತ್ತದೆ. ಡೆಲ್ಫೀನ್ ಅವನ ಫೋನು ಕಿತ್ತುಕೊಂಡು ಓದಿದಳು, ಮತ್ತೆ ಮೇಲಿನಿಂದ ಓದಿದಳು.

“ಇದು ನಂದಲ್ಲ.”

“ನಿನ್ನ ಮುಖ ಇದೆಯಲ್ಲೇ!”

“ಮುಖ ನಂದು. ಮಾತು ನಂದಲ್ಲ.” ಆಮೇಲೆ ನನ್ನ ಕಡೆ ತಿರುಗಿದಳು. “ನಡೀನ್, ನೀವು ಬರೆದ್ರಾ ಇದನ್ನ?”

ಕೇಳಬೇಕಾದ ಪ್ರಶ್ನೆಯೇ. ಕೈಯಿಂದ ಬಾಯಿಗೆ ತಂದವಳು ನಾನೇ ತಾನೆ? ನಾನು ಬ್ಯಾಗಿನಿಂದ ಕಂಪ್ಯೂಟರ್ ತೆಗೆದು ನಾನು ಬರೆದು ಕೊಟ್ಟಿದ್ದನ್ನು ತೋರಿಸಿದೆ. ಕೆಂಪು ದೀಪ, ‘ಪಾಪ, ಒಳ್ಳೆ ಹುಡುಗಿ’, ಎಲ್ಲವೂ ಇತ್ತು. ಆಮೋಸ್ ಅದನ್ನು ಓದಿ ಕುರ್ಚಿಯಲ್ಲಿ ಕುಸಿದ. ಸುತ್ತಲಿದ್ದವರು ತಂತಮ್ಮ ಫೋನು ತೆಗೆದು ತಂತಮ್ಮ ಹೆಸರು ಹುಡುಕಿದರು. ದಪ್ಪ ಮೀಸೆಯ ಸಾಹೇಬರು ‘ಅನುಭವಿ ಹಾಗೂ ತಾಳ್ಮೆಯುಳ್ಳವರು’ ಆಗಿದ್ದರು. ಒಬ್ಬ ಹುಡುಗನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದ್ದರು. ಅದು ‘ಸಂದರ್ಶನ ಚುಟುಕಾಗಿತ್ತು’ ಆಗಿತ್ತು. ಬೇಕರಿ ಮುದುಕನದ್ದೊಂದು ಇದ್ದ ಹಾಗೇ ಇತ್ತು. ವಿಡಿಯೋ ಮಾತ್ರ ಎಲ್ಲೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಗ್ರೆಚನ್ ಅವರ ಕೋಣೆಯಲ್ಲಿ ಡೆಲ್ಫೀನ್, ಆಮೋಸ್, ದುಭಾಷಿಯಾಗಿ ನಾನು. ದುಭಾಷಿ ಮಾತಾಡುವಾಗ ‘ಅವಳು ಹೀಗನ್ನುತ್ತಿದ್ದಾಳೆ’ ಅನ್ನುವಂತಿಲ್ಲ. ಅವಳು ‘ನಾನು’ ಅಂದರೆ ನಾನೂ ‘ನಾನು’ ಅನ್ನಬೇಕು. ಅವಳ ಸಿಟ್ಟು ನನ್ನ ಗಂಟಲಿನಿಂದಲೇ ಬರಬೇಕು.

“ನನ್ನ ಮಾತು ಯಾಕೆ ಬದಲಾಯಿಸಿದ್ರಿ?”

“ಬದಲಾಯಿಸಿಲ್ಲಮ್ಮ, ಸ್ವಲ್ಪ ನಯ ಮಾಡಿದ್ವಿ. ಓದುವ ಮಕ್ಕಳು ಹೆದರಬಾರದು. ಧೈರ್ಯ ಬರಬೇಕು.”

“ಧೈರ್ಯ ಬಂತಲ್ಲ! ಆಮೋಸ್‌ಗೆ ಬಂತು. ಆ ಧೈರ್ಯದಲ್ಲೇ ಹೋಗಿ ಬಕೆಟ್ ಹಿಡ್ಕೊಂಡು ನಿಂತ. ವಿಡಿಯೋ ಯಾಕೆ ತೆಗೆದ್ರಿ?”

“ನಮ್ಮ ವಿಭಾಗದಲ್ಲಿ ಕೈಭಾಷೆ ಬರುವವರು ಯಾರೂ ಇಲ್ಲ. ಅದರಲ್ಲಿ ಏನು ಹೇಳಿದ್ದಾರೆ ಅಂತ ನಾವು ಪರಿಶೀಲಿಸುವುದು ಹೇಗೆ?”

“ಏನು ಹೇಳಿದ್ದೀನಿ ಅಂತಲೇ ತಿಳಿಯಲ್ಲ, ಅದನ್ನ ತಿದ್ದೋಕೆ ಮಾತ್ರ ಬರುತ್ತೆ?”

ಗ್ರೆಚನ್ ನನ್ನ ಕಡೆ ತಿರುಗಿದರು. “ನಡೀನ್, ಸ್ವಲ್ಪ ಸಮಾಧಾನ ಮಾಡ್ಕೊಳ್ಳೋಕೆ ಹೇಳಿ ಅವಳಿಗೆ.”

“ಅವಳ ಮುಖ ನೋಡಿ ನೀವೇ ಹೇಳಿ” ಅಂದೆ, ಅದನ್ನೂ ಕೈಯಲ್ಲಿ ಹೇಳುತ್ತಲೇ.

ಅವರು ಉಸಿರೆಳೆದುಕೊಂಡು ಡೆಲ್ಫೀನಳ ಕಡೆ ನೋಡಿದರು. “ನೋಡಮ್ಮ, ಬ್ರೆಕ್ಸ್‌ಟನ್‌ನವರು ಪ್ರತಿ ವರ್ಷ ನಮ್ಮ ಉದ್ಯೋಗ ಮೇಳಕ್ಕೆ ಬರ್ತಾರೆ. ನಮ್ಮ ತಾಣದಲ್ಲೇ ಅವರನ್ನ ಹಳಿದ್ರೆ ಮುಂದಿನ ವರ್ಷ ಬರ್ತಾರಾ? ನಿಮಗೇ ನಷ್ಟ.”

“ಬರ್ತಾರೆ, ಪೆನ್ನು ಹಂಚ್ತಾರೆ, ಹೋಗ್ತಾರೆ. ನಮ್ಮಲ್ಲಿ ಯಾರನ್ನ ತಗೊಂಡಿದ್ದಾರೆ ಹೇಳಿ. ಒಬ್ಬರನ್ನ ಹೇಳಿ.”

ಗ್ರೆಚನ್ ಯೋಚಿಸಿದರು. ಆಮೇಲೆ, ಅದೇ ಮೃದು ದನಿಯಲ್ಲಿ, “ಈಗ ಆಮೋಸ್‌ನ ತಗೊಂಡ್ರಲ್ಲ” ಅಂದರು.

ಅದನ್ನೂ ಕೈಗೆ ಇಳಿಸಿದೆ. ಆಮೋಸ್ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಡೆಲ್ಫೀನ್ ಎದ್ದು ನಿಂತು ಒಂದು ಮಾತು ಅಂದಳು. ಒಂದೇ ಮಾತು. ಅದನ್ನು ಇಲ್ಲಿ ಬರೆಯಲು ನನಗೆ ಸಂಕೋಚ. ಹಿಂದೆ ಯಾವತ್ತೂ ನನ್ನ ಬಾಯಿಂದ ಬಂದದ್ದಲ್ಲ ಅದು. ‘ನನಗೆ ಬಹಳ ಬೇಸರವಾಯಿತು’ ಅಂದುಬಿಡಬಹುದಿತ್ತು, ಕೋಣೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಈ ಹುಡುಗಿಯ ಬಾಯಿಗೆ ಈಗಾಗಲೇ ಒಬ್ಬರು ಸಕ್ಕರೆ ಮೆತ್ತಿದ್ದರು. ಅವಳು ಅಂದದ್ದನ್ನು, ಅವಳು ಅಂದಷ್ಟೇ ಜೋರಾಗಿ, ಅಂದೆ.

“ನಡೀನ್!” ಗ್ರೆಚನ್ ಅವರ ಮುಖ ಕೆಂಪಾಯಿತು.

“ನಾನಲ್ಲ, ಅವಳು” ಅಂದೆ.

ಕೊನೆಗೆ ಅವರು ಇಳಿದು ಬಂದದ್ದು ಇಷ್ಟಕ್ಕೆ: ಆ ಬರಹ ತೆಗೆದುಬಿಡುತ್ತೇವೆ. ಡೆಲ್ಫೀನ್ ಒಪ್ಪಲಿಲ್ಲ. “ತೆಗೆದ್ರೆ ನೀವು ಮಾಡಿದ್ದೂ ಅಳಿಸಿಹೋಗುತ್ತೆ. ನಾವು ಬರೆದದ್ದು ಸುಳ್ಳು, ಇವಳು ಹೇಳಿದ್ದು ಇದು ಅಂತ ಅದೇ ಜಾಗದಲ್ಲಿ ಹಾಕಿ. ಬಾಕಿ ಎಲ್ಲರದ್ದೂ ಹಾಗೇ ಮಾಡಿ.” ಅದಕ್ಕೆ ವಕೀಲರನ್ನು ಕೇಳಬೇಕು ಅಂದರು. ವಕೀಲರನ್ನು ಕೇಳಿದರೋ ಇಲ್ಲವೋ, ಎರಡು ದಿನ ಬಿಟ್ಟು ನೋಡಿದರೆ ಇಡೀ ಪುಟವೇ ಮಾಯ. ‘ಸುಧಾರಣೆಯ ಕೆಲಸ ನಡೆದಿದೆ’ ಅಂತ ಒಂದು ಸಾಲು. ನನಗೊಂದು ಎಚ್ಚರಿಕೆಯ ಪತ್ರ ಬಂತು, ಅಸಭ್ಯ ಭಾಷೆ ಬಳಸಿದ್ದಕ್ಕೆ. ಮಾತು ತಿರುಚಿದ್ದಕ್ಕೆ ಯಾರಿಗಾದರೂ ಪತ್ರ ಹೋಯಿತೇ? ಇಲ್ಲ. ಬ್ರೆಕ್ಸ್‌ಟನ್‌ನವರು ಆಮೋಸ್‌ಗೆ ಒಂದು ಸಾಲು ಬರೆದರೇ? ಅದೂ ಇಲ್ಲ. ಏಪ್ರಿಲಿನ ಮೇಳದಲ್ಲಿ ಅವರ ಮೇಜು ಅದೇ ಜಾಗದಲ್ಲಿತ್ತು.

ಮಕ್ಕಳು ಕೈಕಟ್ಟಿ ಕೂರಲಿಲ್ಲ. ಕಂಪ್ಯೂಟರ್ ಓದುವ ಇಬ್ಬರು ಸೇರಿ ಕಾಲೇಜಿಗೆ ಸಂಬಂಧವಿಲ್ಲದ ತಾಣ ಕಟ್ಟಿದರು. ಹಳೆಯ ವಿಡಿಯೋಗಳೆಲ್ಲ ಮತ್ತೆ ಬಂದವು. ಕೆಳಗಿನ ಬರಹವನ್ನು ನಾನು ಬರೆದಮೇಲೆ ಹೇಳಿದವರೇ ಓದಿ ಒಪ್ಪಬೇಕು ಅಂತ ಮಾಡಿದರು. ನನಗೆ ಅದರಿಂದ ಬೇಸರವಾಗಲಿಲ್ಲ.

ಆಮೋಸ್‌ನ ವಿಡಿಯೋ ತೆಗೆದದ್ದು ಅವನ ಅಜ್ಜಿಯ ಅಡುಗೆಮನೆಯಲ್ಲಿ. ಡೆಲ್ಫೀನ್ ಕ್ಯಾಮೆರಾ ಹಿಡಿದಿದ್ದಳು. ಲುವೀನಿಯಾ ಒಲೆಯ ಹತ್ತಿರ ನಿಂತು, ಅವನು ಏನು ಹೇಳುತ್ತಾನೋ ಅಂತ ಕಣ್ಣು ಕೀಲಿಸಿದ್ದಳು. ಅವನು ತಲೆಯಾಡಿಸಿದ ಭಾಗಕ್ಕೆ ಬಂದಾಗ ಅವಳು ಅಡ್ಡ ಬಂದಳು.

“ಅದೊಂದನ್ನ ಬಿಟ್ಟುಬಿಡು ಮಗ. ಜನ ನಗ್ತಾರೆ. ದಡ್ಡ ಅಂತಾರೆ.”

“ಬಿಡಲ್ಲ ಅಜ್ಜಿ.”

“ನಿನ್ನ ಒಳ್ಳೇದಕ್ಕೆ ಹೇಳ್ತಿದ್ದೀನಿ ಕಣೋ.”

“ಕಾಲೇಜಿನವರೂ ಹಾಗೇ ಅಂದ್ರು ಅಜ್ಜಿ.”

ಲುವೀನಿಯಾ ಕೈ ಕೆಳಗಿಳಿಸಿ ಒಲೆಯ ಹತ್ತಿರಕ್ಕೆ ವಾಪಸ್ ಹೋದಳು. ಆಮೋಸ್ ಮತ್ತೆ ಕ್ಯಾಮೆರಾ ಕಡೆ ತಿರುಗಿದ.

“ನಾನು ತಲೆಯಾಡಿಸ್ದೆ. ಏನೂ ಅರ್ಥ ಆಗ್ಲಿಲ್ಲ, ಆದ್ರೂ ಆಡಿಸ್ದೆ. ನಾವೆಲ್ಲರೂ ಆಡಿಸ್ತೀವಿ. ಚಿಕ್ಕವರಿದ್ದಾಗಿಂದ ಡಾಕ್ಟ್ರ ಮುಂದೆ, ಮೇಷ್ಟ್ರ ಮುಂದೆ, ಅಂಗಡಿಯವನ ಮುಂದೆ ಆಡಿಸ್ಕೊಂಡೇ ಬಂದಿದ್ದೀವಿ. ಇನ್ನೊಂದ್ಸಲ ಹೇಳಿ ಅಂದ್ರೆ ಅವರ ಮುಖ ಸಿಂಡರಿಸುತ್ತೆ, ಅದನ್ನ ನೋಡೋಕಾಗದೆ ಆಡಿಸ್ತೀವಿ. ನೀವು ಅಲ್ಲಿಗೆ ಹೋದ್ರೆ ಆಡಿಸ್ಬೇಡಿ. ದುಭಾಷಿ ಇಲ್ದೆ ಕೂರ್ಬೇಡಿ. ಮುಖ ಸಿಂಡರಿಸ್ಲಿ.”

ಡೆಲ್ಫೀನ್ ಕ್ಯಾಮೆರಾ ಕೆಳಗಿಟ್ಟಳು. ಅವನು ಅವಳ ಕಡೆ ನೋಡದೆ, “ಅವತ್ತು ಸುಳ್ಳಿ ಅಂದುಬಿಟ್ಟೆ” ಅಂದ.

“ಅಂದಿದ್ದಕ್ಕೇ ತಾನೆ ನಾನು ನೋಡಿದ್ದು? ಮನಸ್ಸಲ್ಲೇ ಇಟ್ಕೊಂಡು ಮೂತಿ ತಿರುಗಿಸಿ ಓಡಾಡಿದ್ರೆ ಇವತ್ತಿಗೂ ಅಲ್ಲಿ ನನಗೆ ಆತ್ಮೀಯ ಸ್ವಾಗತ ಸಿಗ್ತಾನೇ ಇರ್ತಿತ್ತು. ಆದ್ರೆ ನನ್ನ ಸೂಪು ಚೆಲ್ಲಿದ್ಯಲ್ಲ, ಅದನ್ನ ಮಾತ್ರ ಕ್ಷಮಿಸಲ್ಲ.”

ಡೆಲ್ಫೀನಳಿಗೆ ಟೊಲೀಡೋ ಆಸ್ಪತ್ರೆಯಲ್ಲೇ ಕೆಲಸವಾಯಿತು. ಆಮೋಸ್‌ಗೆ ಇನ್ನೂ ಆಗಿಲ್ಲ, ಓದು ಒಂದು ವರ್ಷ ಬಾಕಿಯಿದೆ. ಅವನ ವಿಡಿಯೋ ಹಾಕಿದ ವಾರದಲ್ಲಿ ಮಿಶಿಗನ್ನಿನಿಂದ ಗುರುತಿಲ್ಲದ ಹುಡುಗಿಯೊಬ್ಬಳು ಬರೆದಳು. ಮುಂದಿನ ಗುರುವಾರ ಅದೇ ಕಂಪನಿಯ ಇನ್ನೊಂದು ಲ್ಯಾಬಿನಲ್ಲಿ ತನಗೆ ಇಂಟರ್‌ವ್ಯೂ ಇದೆ, ದುಭಾಷಿ ಕೊಡುತ್ತೇವೆ ಅಂದಿದ್ದಾರೆ, ನಂಬಲೇ, ಅಂತ.

ಆಮೋಸ್ ನನ್ನ ಪಕ್ಕದಲ್ಲೇ ಕೂತಿದ್ದ. ನಾನು ಬರೆಯಲೇ ಅಂದರೆ ಬೇಡ ಅಂದ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ, ಅಂಗಿಯ ತೋಳು ಮಡಿಸಿಕೊಂಡು, ಅವಳಿಗೆ ವಿಡಿಯೋದಲ್ಲಿ ಕೈಯಿಂದಲೇ ನೇರ ಹೇಳತೊಡಗಿದ: “ಮೊದಲು ದುಭಾಷಿಯ ಹೆಸರು ಕೇಳು. ಬರೆದು ಕೊಡೋಕೆ ಹೇಳು. ಕೊಡದಿದ್ರೆ ನನಗೆ ತಿಳಿಸು, ಆಮೇಲೆ ಏನು ಮಾಡ್ಬೇಕು ಅಂತ ಹೇಳ್ತೀನಿ…”